ನೆಲದ ಮೇಲೆ ದಾರಿ ತಪ್ಪುವ ವಿಮಾನಗಳು: ಟ್ಯಾಕ್ಸಿವೇ ಪ್ರಮಾದಗಳಲ್ಲಿ ಉದ್ದಿಮೆಗಳಿಗಿರುವ ಪಾಠ

ವಿಮಾನ ಅಪಘಾತವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಆಕಾಶದಿಂದ ಕುಸಿದುಬಿದ್ದ ವಿಮಾನದ ಚಿತ್ರ. ಆದರೆ ನಾಗರಿಕ ವಿಮಾನಯಾನದ ಇತಿಹಾಸದಲ್ಲಿ ಅತಿ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡ ಅಪಘಾತ ಸಂಭವಿಸಿದ್ದು ಆಕಾಶದಲ್ಲಲ್ಲ, ರನ್‌ವೇಯ ಮೇಲೆ. 1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಕೆನರಿ ದ್ವೀಪಗಳ ಟೆನೆರೀಫ್‌ನಲ್ಲಿ ಎರಡು ಬೋಯಿಂಗ್ 747 ವಿಮಾನಗಳು ಪರಸ್ಪರ ಡಿಕ್ಕಿ ಹೊಡೆದು 583 ಮಂದಿ ಮೃತಪಟ್ಟರು. ಎರಡೂ ವಿಮಾನಗಳಲ್ಲಿ ಯಾವುದೇ ಯಾಂತ್ರಿಕ ದೋಷವಿರಲಿಲ್ಲ.

ನಿಲುಗಡೆಯ ಸ್ಥಳದಿಂದ ಹೊರಟ ವಿಮಾನವು ತನ್ನ ಎಂಜಿನ್ ಬಲದಿಂದಲೇ ರನ್‌ವೇ ತಲುಪುವವರೆಗೆ, ಹಾಗೆಯೇ ಇಳಿದ ವಿಮಾನವು ನಿಲುಗಡೆಗೆ ಬಂದು ಸೇರುವವರೆಗೆ ನಡೆಸುವ ನೆಲದ ಸಂಚಾರಕ್ಕೆ ಟ್ಯಾಕ್ಸಿಯಿಂಗ್ ಎಂದು ಹೆಸರು. ಪ್ರಯಾಣಿಕರ ಪಾಲಿಗೆ ಇದು ಬೆಲ್ಟ್ ಕಟ್ಟಿಕೊಂಡು ಕಾಯುವ ಬೇಸರದ ಅವಧಿ. ಪೈಲಟ್‌ಗಳಿಗಾದರೋ ದಾರಿ ಹುಡುಕುವುದು, ಯಂತ್ರಗಳ ತಪಾಸಣಾ ಪಟ್ಟಿ ಓದುವುದು, ರೇಡಿಯೋ ಸೂಚನೆ ಆಲಿಸುವುದು – ಇವೆಲ್ಲವೂ ಒಟ್ಟಾಗಿ ಬಂದೊದಗುವ ಹೊತ್ತು. ಇಲ್ಲಿ ನಡೆದ ಪ್ರಮಾದಗಳ ತನಿಖಾ ವರದಿಗಳು ವೈಮಾನಿಕರಿಗೆ ಮಾತ್ರವಲ್ಲದೆ, ಹತ್ತಾರು ಜನರನ್ನಿಟ್ಟುಕೊಂಡು ಯಂತ್ರ, ವಾಹನ ಮತ್ತು ಸರಕುಗಳೊಡನೆ ನಿತ್ಯವೂ ಕೆಲಸ ಮಾಡುವ ನಮ್ಮ ಉದ್ದಿಮೆದಾರರಿಗೂ ಉಪಯುಕ್ತವಾಗಿವೆ. ತಪ್ಪು ದಾರಿ ಹಿಡಿದವನು ತಾನು ಸರಿದಾರಿಯಲ್ಲೇ ಇದ್ದೇನೆಂದು ಪೂರ್ಣವಾಗಿ ನಂಬಿರುತ್ತಾನೆ. ಆದಕಾರಣ ಆತನ ಎಚ್ಚರಿಕೆಯೊಂದನ್ನೇ ನೆಚ್ಚಿಕೊಂಡ ವ್ಯವಸ್ಥೆ ಸುರಕ್ಷಿತವಲ್ಲ ಎಂಬುದು ಈ ವರದಿಗಳ ಸಾರ.

ನೆಲದ ಸಂಚಾರದ ಗುರುತುಗಳು

ವಿಷಯ ಸ್ಪಷ್ಟವಾಗಲು ಕೆಲವು ಪ್ರಾಥಮಿಕ ಅಂಶಗಳನ್ನು ತಿಳಿಯುವುದು ಅಗತ್ಯ. ರನ್‌ವೇಗಳಿಗೆ ದಿಕ್ಸೂಚಿಯ ದಿಕ್ಕನ್ನನುಸರಿಸಿ ಸಂಖ್ಯೆ ನೀಡಲಾಗುತ್ತದೆ. ರನ್‌ವೇ 22 ಎಂದರೆ ಸುಮಾರು 220 ಡಿಗ್ರಿ ದಿಕ್ಕಿಗೆ ಮುಖ ಮಾಡಿದ್ದು. ಸಮಾನಾಂತರವಾಗಿ ಎರಡು ರನ್‌ವೇಗಳಿದ್ದರೆ ಒಂದೇ ಸಂಖ್ಯೆಯ ಮುಂದೆ ಎಡ, ಬಲ ಎಂದು ಸೇರಿಸುತ್ತಾರೆ. ಅವುಗಳನ್ನು ಸೇರುವ ಟ್ಯಾಕ್ಸಿವೇಗಳಿಗೆ ಇಂಗ್ಲಿಷ್ ಅಕ್ಷರಗಳ ಹೆಸರು. ಟ್ಯಾಕ್ಸಿವೇಯ ನಡುವೆ ಹಳದಿ ಗೆರೆ, ರಾತ್ರಿಯಲ್ಲಿ ಹಸಿರು ದೀಪಗಳ ಸಾಲು, ಅಂಚಿನಲ್ಲಿ ನೀಲಿ ದೀಪಗಳು. ರನ್‌ವೇಯನ್ನು ಪ್ರವೇಶಿಸುವ ಮುನ್ನ ನಿಲ್ಲಬೇಕಾದ ಜಾಗದಲ್ಲಿ ಕೆಂಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳ ಫಲಕವಿರುತ್ತದೆ. ಹಲವು ನಿಲ್ದಾಣಗಳಲ್ಲಿ ಅಡ್ಡಲಾಗಿ ಕೆಂಪು ದೀಪಗಳ ಪಟ್ಟಿಯೂ ಇರುತ್ತದೆ. ಕಂಟ್ರೋಲ್ ಟವರ್‌ನ ನಿಯಂತ್ರಕರು ಯಾವ ದಾರಿಯಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ರೇಡಿಯೋ ಮೂಲಕ ತಿಳಿಸುತ್ತಾರೆ. ಪೈಲಟ್ ಅದನ್ನು ಅಕ್ಷರಶಃ ಮರಳಿ ಹೇಳಬೇಕು.

ಬಹುತೇಕ ದೊಡ್ಡ ವಿಮಾನಗಳಲ್ಲಿ ನೆಲದ ಮೇಲೆ ವಿಮಾನವನ್ನು ತಿರುಗಿಸುವವರು ಮುಖ್ಯ ಪೈಲಟ್. ನಕ್ಷೆ ನೋಡಿ ದಾರಿ ಹೇಳುವುದು ಹಾಗೂ ರೇಡಿಯೋದಲ್ಲಿ ಮಾತನಾಡುವುದು ಸಹ ಪೈಲಟ್‌ರ ಕೆಲಸ. 747-400 ಮಾದರಿಯ ರೆಕ್ಕೆಗಳ ಅಗಲ ತುದಿಯಿಂದ ತುದಿಗೆ 64 ಮೀಟರ್‌ಗಿಂತ ಹೆಚ್ಚು. ಕಾಕ್‌ಪಿಟ್‌ನಲ್ಲಿ ಕುಳಿತವರಿಗೆ ಆ ರೆಕ್ಕೆಗಳ ತುದಿ ಕಾಣಿಸುವುದಿಲ್ಲ. ಮಂಜು ಕವಿದಾಗ ಅಥವಾ ಮಳೆ ಸುರಿಯುವಾಗ ಇಂತಹ ವಾಹನವನ್ನು ಅಪರಿಚಿತ ನಿಲ್ದಾಣದಲ್ಲಿ ನಡೆಸುವುದು ಎಷ್ಟು ಕಷ್ಟವೆಂಬುದನ್ನು ಊಹಿಸಿಕೊಳ್ಳಬಹುದು.

ತೈಪೆ: ಹಸಿರು ದೀಪಗಳು ತೋರಿದ ದಾರಿ

2000ದ ಅಕ್ಟೋಬರ್ 31ರ ರಾತ್ರಿ ತೈವಾನ್‌ನ ತೈಪೆ ವಿಮಾನ ನಿಲ್ದಾಣದಲ್ಲಿ ಚಂಡಮಾರುತದ ಮಳೆ ಗಾಳಿ. ಸಿಂಗಪುರ ಏರ್‌ಲೈನ್ಸ್‌ನ 006 ಸಂಖ್ಯೆಯ 747-400 ವಿಮಾನಕ್ಕೆ ರನ್‌ವೇ 05 ಎಡದಿಂದ ಹೊರಡಲು ಅನುಮತಿ ದೊರೆತಿತ್ತು. ಅದಕ್ಕೆ ಸಮಾನಾಂತರವಾಗಿದ್ದ 05 ಬಲ ರನ್‌ವೇಯ ಒಂದು ಭಾಗ ದುರಸ್ತಿಗಾಗಿ ಮುಚ್ಚಲ್ಪಟ್ಟಿದ್ದು, ಅಲ್ಲಿ ಕಾಂಕ್ರೀಟ್ ತಡೆಗಳೂ ಮಣ್ಣು ಅಗೆಯುವ ಯಂತ್ರಗಳೂ ಇದ್ದವು. ಈ ಸಂಗತಿ ಪೈಲಟ್‌ಗಳಿಗೆ ಲಿಖಿತವಾಗಿ ತಿಳಿದಿತ್ತು. ಕಾಕ್‌ಪಿಟ್‌ನಲ್ಲಿ ಮೂವರು ಪೈಲಟ್‌ಗಳಿದ್ದರು. ಮುಖ್ಯ ಪೈಲಟ್‌ಗೆ 11,000 ಗಂಟೆಗಳಿಗೂ ಹೆಚ್ಚಿನ ಹಾರಾಟದ ಅನುಭವವಿತ್ತು. ಆದರೂ ವಿಮಾನವು ಒಂದು ರನ್‌ವೇಯಷ್ಟು ಮೊದಲೇ ತಿರುಗಿ, ಮುಚ್ಚಿದ ರನ್‌ವೇಯ ಮೇಲೆ ವೇಗ ಪಡೆದು, ತಡೆಗಳಿಗೂ ಯಂತ್ರಗಳಿಗೂ ಅಪ್ಪಳಿಸಿತು. ವಿಮಾನದಲ್ಲಿದ್ದ 179 ಮಂದಿಯ ಪೈಕಿ 83 ಮಂದಿ ಮೃತಪಟ್ಟರು.

ಮೇಲ್ನೋಟಕ್ಕೆ ಇದು ಕೇವಲ ಅಜಾಗರೂಕತೆ. ಆದರೆ ತನಿಖೆಯಲ್ಲಿ ಹೊರಬಂದ ವಿವರಗಳು ಬೇರೆಯದೇ ಕಥೆ ಹೇಳುತ್ತವೆ. ಮುಚ್ಚಿದ ರನ್‌ವೇಯತ್ತ ತಿರುಗುವ ಹಸಿರು ದೀಪಗಳು ಒತ್ತೊತ್ತಾಗಿ ಪ್ರಕಾಶಮಾನವಾಗಿದ್ದವು. ಸರಿಯಾದ ರನ್‌ವೇಯತ್ತ ನೇರವಾಗಿ ಸಾಗುವ ದೀಪಗಳು ದೂರ ದೂರದಲ್ಲಿದ್ದು, ಅವುಗಳಲ್ಲಿ ಒಂದು ಆರಿಹೋಗಿತ್ತು, ಮತ್ತೊಂದು ಮಂಕಾಗಿತ್ತು. ಮುಚ್ಚಿದ ರನ್‌ವೇಯ ಪ್ರವೇಶದಲ್ಲಿ ಯಾವುದೇ ತಡೆಯಿರಲಿಲ್ಲ. ನೆಲದ ಮೇಲಿನ ವಿಮಾನಗಳನ್ನು ತೋರಿಸುವ ರಾಡಾರ್ ಆ ನಿಲ್ದಾಣದಲ್ಲಿರಲಿಲ್ಲ, ಮಳೆಯಲ್ಲಿ ನಿಯಂತ್ರಕರಿಗೆ ವಿಮಾನ ಕಾಣುತ್ತಲೂ ಇರಲಿಲ್ಲ. ಇನ್ನೊಂದೆಡೆ, ವಿಮಾನವು ನಿಗದಿತ ರನ್‌ವೇಗೆ ನೇರವಾಗಿ ನಿಂತಿಲ್ಲವೆಂದು ಕಾಕ್‌ಪಿಟ್‌ನಲ್ಲಿದ್ದ ಉಪಕರಣವೇ ಸೂಚಿಸುತ್ತಿತ್ತು. ಎದುರಿಗೆ ರನ್‌ವೇ ಕಣ್ಣಿಗೆ ಕಾಣುತ್ತಿದೆಯಲ್ಲಾ ಎಂಬ ಸಮಾಧಾನದಿಂದ ಪೈಲಟ್‌ಗಳು ಆ ಸೂಚನೆಯನ್ನು ಬದಿಗಿಟ್ಟರು. ಕಂಡದ್ದು ರನ್‌ವೇ ಎಂಬುದು ನಿಜ, ಯಾವ ರನ್‌ವೇ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಮಿಲಾನ್: ಮಾತು ಸರಿ, ತಿರುವು ತಪ್ಪು

ಮರುವರ್ಷ, 2001ರ ಅಕ್ಟೋಬರ್ 8ರ ಮುಂಜಾನೆ ಇಟಲಿಯ ಮಿಲಾನ್ ನಗರದ ಲಿನಾಟೆ ನಿಲ್ದಾಣ ದಟ್ಟ ಮಂಜಿನಲ್ಲಿ ಮುಳುಗಿತ್ತು. ಸೆಸ್ನಾ ಕಂಪನಿಯ ಸಣ್ಣ ಜೆಟ್ ವಿಮಾನವೊಂದು, ಖರೀದಿಯಲ್ಲಿ ಆಸಕ್ತಿ ತೋರಿದ್ದ ಉದ್ಯಮಿಯೊಬ್ಬರನ್ನು ಹತ್ತಿಸಿಕೊಂಡು ಪ್ಯಾರಿಸ್‌ನತ್ತ ಹೊರಡಲು ಸಿದ್ಧವಾಗಿತ್ತು. ಆರ್-5 ಎಂಬ ಟ್ಯಾಕ್ಸಿವೇಯಲ್ಲಿ ಉತ್ತರಕ್ಕೆ ಸಾಗುವಂತೆ ನಿಯಂತ್ರಕರು ಸೂಚಿಸಿದರು. ಪೈಲಟ್ ಆರ್-5 ಎಂದೇ ಮರಳಿ ಹೇಳಿದರು. ಆದರೆ ವಿಮಾನ ಹಿಡಿದದ್ದು ಆರ್-6. ಅದು ನೇರವಾಗಿ ಮುಖ್ಯ ರನ್‌ವೇಗೆ ಹೋಗಿ ಸೇರುವ ದಾರಿ. ಅದೇ ಹೊತ್ತಿಗೆ ಕೋಪನ್‌ಹೇಗನ್‌ಗೆ ಹೊರಟಿದ್ದ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್‌ನ ಎಂಡಿ-87 ವಿಮಾನವು ಆ ರನ್‌ವೇಯಲ್ಲಿ ಪೂರ್ಣ ವೇಗದಲ್ಲಿ ಬರುತ್ತಿತ್ತು. ಎರಡೂ ವಿಮಾನಗಳಲ್ಲಿದ್ದ 114 ಮಂದಿ ಹಾಗೂ ನಿಲ್ದಾಣದ ಕಟ್ಟಡದಲ್ಲಿದ್ದ 4 ಮಂದಿ ಸಿಬ್ಬಂದಿ, ಒಟ್ಟು 118 ಜನ ಅಸುನೀಗಿದರು.

ದಾರಿಯಲ್ಲಿ ಪೈಲಟ್ ತಾವು ಎಸ್-4 ಎಂಬ ಗುರುತಿನ ಬಳಿ ಇರುವುದಾಗಿ ತಿಳಿಸಿದ್ದರು. ನೆಲದ ಮೇಲೆ ಬರೆದಿದ್ದ ಆ ಗುರುತು ನಕ್ಷೆಯಲ್ಲೇ ಇರಲಿಲ್ಲ, ನಿಯಂತ್ರಕರಿಗೂ ಅದರ ಪರಿಚಯವಿರಲಿಲ್ಲ. ಎಸ್-4 ಎಂದರೆ ಎಲ್ಲಿ ಎಂದು ಆ ಕ್ಷಣದಲ್ಲಿ ಒಂದು ಮರುಪ್ರಶ್ನೆ ಹಾಕಿದ್ದರೆ ವಿಮಾನ ತಪ್ಪು ದಾರಿಯಲ್ಲಿರುವುದು ಬಯಲಾಗುತ್ತಿತ್ತು. ಅಷ್ಟು ಕಡಿಮೆ ಗೋಚರತೆಯಲ್ಲಿ ಸಂಚರಿಸಲು ಆ ಪೈಲಟ್‌ಗಳಿಗೆ ಅರ್ಹತೆಯಿರಲಿಲ್ಲ ಎಂಬುದೂ ತನಿಖೆಯಿಂದ ಬೆಳಕಿಗೆ ಬಂತು. ನಿಲ್ದಾಣದ ಹಳೆಯ ನೆಲ-ರಾಡಾರ್ ಸೇವೆಯಲ್ಲಿರಲಿಲ್ಲ, ಹೊಸದು ಇನ್ನೂ ಕಾರ್ಯಾರಂಭ ಮಾಡಿರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆಗೆ ಇದಕ್ಕಿಂತ ಕಹಿಯಾದ ನಿದರ್ಶನ ಬೇಕಿಲ್ಲ.

ಲೆಕ್ಸಿಂಗ್ಟನ್: ಬಂದ ಸಂದೇಹ, ನಿಲ್ಲದ ಕೈ

2006ರ ಆಗಸ್ಟ್ 27ರಂದು ಬೆಳಕು ಹರಿಯುವ ಮುನ್ನ ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಕಾಮ್‌ಏರ್ ಸಂಸ್ಥೆಯ 5191 ಸಂಖ್ಯೆಯ ವಿಮಾನಕ್ಕೆ ರನ್‌ವೇ 22ರಿಂದ ಹೊರಡಲು ಅನುಮತಿ ನೀಡಲಾಯಿತು. ಆ ರನ್‌ವೇಯ ಉದ್ದ ಸುಮಾರು 7,000 ಅಡಿ. ಪೈಲಟ್‌ಗಳು ತಿರುಗಿದ್ದು ಕೇವಲ 3,500 ಅಡಿ ಉದ್ದದ, ಸಣ್ಣ ವಿಮಾನಗಳಿಗೆ ಮೀಸಲಾದ ರನ್‌ವೇ 26ಕ್ಕೆ. ವಿಮಾನ ಮೇಲೇಳುವಷ್ಟು ಜಾಗವೇ ಅಲ್ಲಿರಲಿಲ್ಲ. ಇದ್ದ 50 ಮಂದಿಯಲ್ಲಿ ಬದುಕುಳಿದವರು ಸಹ ಪೈಲಟ್ ಒಬ್ಬರೇ.

ಎರಡು ರನ್‌ವೇಗಳ ದಿಕ್ಕಿನಲ್ಲಿ 40 ಡಿಗ್ರಿಗಳ ವ್ಯತ್ಯಾಸವಿತ್ತು. ಎದುರಿಗಿದ್ದ ದಿಕ್ಸೂಚಿಯತ್ತ ಕಣ್ಣು ಹಾಯಿಸಿದ್ದರೆ ಸಾಕಿತ್ತು. ಟ್ಯಾಕ್ಸಿಯಿಂಗ್ ವೇಳೆ ಪೈಲಟ್‌ಗಳು ಕೆಲಸಕ್ಕೆ ಸಂಬಂಧವಿಲ್ಲದ ಮಾತಿನಲ್ಲಿ ತೊಡಗಿದ್ದರು. ಕಾಮಗಾರಿಯಿಂದಾಗಿ ಟ್ಯಾಕ್ಸಿವೇಯ ವಿನ್ಯಾಸ ಒಂದು ವಾರದ ಹಿಂದಷ್ಟೇ ಬದಲಾಗಿತ್ತು, ಅವರ ಬಳಿಯಿದ್ದ ನಕ್ಷೆ ಹಳೆಯದಾಗಿತ್ತು. ಟವರ್‌ನಲ್ಲಿದ್ದ ಏಕೈಕ ನಿಯಂತ್ರಕರು ಅನುಮತಿ ನೀಡಿ ಬೇರೊಂದು ಕಚೇರಿ ಕೆಲಸಕ್ಕೆ ತಿರುಗಿಕೊಂಡಿದ್ದರು. ಎಲ್ಲಕ್ಕಿಂತ ಗಮನಾರ್ಹವಾದ ಅಂಶವೆಂದರೆ, ವೇಗ ಪಡೆಯುತ್ತಿರುವಾಗ ರನ್‌ವೇಯಲ್ಲಿ ದೀಪಗಳೇ ಇಲ್ಲದಿರುವುದು ವಿಚಿತ್ರವೆಂದು ಸಹ ಪೈಲಟ್ ಹೇಳಿದರು, ಮುಖ್ಯ ಪೈಲಟ್ ಹೌದೆಂದರು. ಇಬ್ಬರಿಗೂ ಸಂದೇಹ ಬಂದಿತ್ತು. ಇಬ್ಬರೂ ನಿಲ್ಲಿಸಲಿಲ್ಲ.

ಹಿರಿತನವೂ ಆತ್ಮವಿಶ್ವಾಸವೂ

ಟೆನೆರೀಫ್‌ನಲ್ಲಿ ಅನುಮತಿ ದೊರೆಯುವ ಮುನ್ನವೇ ವಿಮಾನವನ್ನು ಓಡಿಸಿದವರು ಡಚ್ ವಿಮಾನ ಸಂಸ್ಥೆ ಕೆಎಲ್‌ಎಮ್‌ನ ಅತ್ಯಂತ ಹಿರಿಯ ತರಬೇತುದಾರ ಪೈಲಟ್. ಎದುರು ದಿಕ್ಕಿನಿಂದ ಅದೇ ರನ್‌ವೇಯ ಮೇಲೆ ಟ್ಯಾಕ್ಸಿ ಮಾಡುತ್ತಿದ್ದ ಪ್ಯಾನ್ ಆಮ್ ವಿಮಾನವು ಮಂಜಿನಲ್ಲಿ ತನಗೆ ಸೂಚಿಸಿದ್ದ ಮೂರನೆಯ ತಿರುವನ್ನು ದಾಟಿ ಮುಂದೆ ಹೋಗಿತ್ತು. ಆ ತಿರುವು ಹಿಂದಕ್ಕೆ ಹೊರಳಿದಂತಿದ್ದು, 747ರಂಥ ವಿಮಾನಕ್ಕೆ ಬಹಳ ಕಷ್ಟಕರವಾಗಿತ್ತು. ಪ್ಯಾನ್ ಆಮ್ ವಿಮಾನ ಇನ್ನೂ ರನ್‌ವೇಯಿಂದ ಹೊರಗೆ ಹೋಗಿಲ್ಲವೇ ಎಂದು ಡಚ್ ವಿಮಾನದ ಫ್ಲೈಟ್ ಎಂಜಿನಿಯರ್ ಪ್ರಶ್ನಿಸಿದ್ದುಂಟು. ಹಿರಿಯರ ದೃಢವಾದ ಉತ್ತರದ ಮುಂದೆ ಆ ಪ್ರಶ್ನೆ ಅಲ್ಲಿಗೇ ನಿಂತಿತು.

1990ರ ಡಿಸೆಂಬರ್ 3ರಂದು ಅಮೆರಿಕದ ಡೆಟ್ರಾಯಿಟ್‌ನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ದೀರ್ಘ ಅನಾರೋಗ್ಯ ರಜೆಯ ನಂತರ ಮರಳಿದ್ದ ಮುಖ್ಯ ಪೈಲಟ್, ಈ ನಿಲ್ದಾಣ ತನಗೆ ಚೆನ್ನಾಗಿ ಗೊತ್ತೆಂಬಂತೆ ಮಾತನಾಡಿದ ಸಹ ಪೈಲಟ್‌ರನ್ನು ನಂಬಿ ಮಂಜಿನಲ್ಲಿ ಸಾಗಿದರು. ತಾವೆಲ್ಲಿದ್ದೇವೆಂಬುದು ಇಬ್ಬರಿಗೂ ತಿಳಿದಿರಲಿಲ್ಲ. ಬಳಕೆಯಲ್ಲಿರುವ ರನ್‌ವೇಯ ಮೇಲೆಯೇ ಬಂದು ನಿಂತಿದ್ದೇವೆಂದು ಅರಿವಾಗುವಷ್ಟರಲ್ಲಿ ಇನ್ನೊಂದು ವಿಮಾನ ವೇಗವಾಗಿ ಬಂದು ತಾಗಿತು. 8 ಮಂದಿ ಮೃತಪಟ್ಟರು. ಹಿರಿಯರನ್ನು ಪ್ರಶ್ನಿಸಲಾಗದ ವಾತಾವರಣ ಎಷ್ಟು ಅಪಾಯಕಾರಿಯೋ, ಹೊಣೆ ಹೊತ್ತವರು ಕಿರಿಯರ ಧೈರ್ಯದ ಮಾತನ್ನು ಪರೀಕ್ಷಿಸದೆ ಒಪ್ಪಿಕೊಳ್ಳುವುದೂ ಅಷ್ಟೇ ಅಪಾಯಕಾರಿ.

ಹನೇಡ: ಒಂದು ಪದದ ಬೆಲೆ

ಇಂತಹ ಪ್ರಮಾದಗಳು ಹಳೆಯ ಕಾಲಕ್ಕೆ ಮುಗಿದುಹೋದವೆಂದು ಭಾವಿಸಲಾಗದು. 2024ರ ಜನವರಿ 2ರ ಸಂಜೆ ಟೋಕಿಯೋದ ಹನೇಡ ನಿಲ್ದಾಣದಲ್ಲಿ ಭೂಕಂಪ ಸಂತ್ರಸ್ತರಿಗೆ ಪರಿಹಾರ ಸಾಮಗ್ರಿ ಕೊಂಡೊಯ್ಯಲಿದ್ದ ಜಪಾನ್ ಕರಾವಳಿ ರಕ್ಷಣಾ ಪಡೆಯ ವಿಮಾನಕ್ಕೆ, ರನ್‌ವೇಯ ಹೊರಗಿನ ಕಾಯುವ ಸ್ಥಳಕ್ಕೆ ಬರುವಂತೆ ಸೂಚಿಸಿ, ಹೊರಡುವ ಸರದಿಯಲ್ಲಿ ಅದು ಮೊದಲನೆಯದೆಂದು ತಿಳಿಸಲಾಯಿತು. ಮೊದಲನೆಯದು ಎಂಬ ಮಾತನ್ನು ಪೈಲಟ್ ರನ್‌ವೇ ಪ್ರವೇಶದ ಅನುಮತಿಯೆಂದೇ ಗ್ರಹಿಸಿದರು. ರನ್‌ವೇಯ ಮೇಲೆ ಸುಮಾರು 40 ಸೆಕೆಂಡುಗಳ ಕಾಲ ನಿಂತಿದ್ದ ಆ ವಿಮಾನಕ್ಕೆ, ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್‌ನ ಏರ್‌ಬಸ್ ಎ-350 ಡಿಕ್ಕಿ ಹೊಡೆಯಿತು. ಏರ್‌ಬಸ್‌ನಲ್ಲಿದ್ದ ಎಲ್ಲ 379 ಮಂದಿಯೂ ಹೊರಬಂದರು. ಕರಾವಳಿ ಪಡೆಯ ಆರು ಮಂದಿಯಲ್ಲಿ ಐವರು ಉಳಿಯಲಿಲ್ಲ. ಟವರ್‌ನ ಪರದೆಯ ಮೇಲೆ ಎಚ್ಚರಿಕೆಯ ಸೂಚನೆ ಮೂಡಿತ್ತು, ಆದರೆ ನಿಯಂತ್ರಕರ ಗಮನ ಅತ್ತ ಹೋಗಲಿಲ್ಲ.

ಸಣ್ಣ ತಾಗಾಟ, ದೊಡ್ಡ ನಷ್ಟ

ಜೀವಹಾನಿಯಾಗದ ಪ್ರಸಂಗಗಳೂ ಕಡಿಮೆಯೇನಲ್ಲ. 2013ರ ಡಿಸೆಂಬರ್ 22ರಂದು ಜೋಹಾನ್ಸ್‌ಬರ್ಗ್‌ನಲ್ಲಿ ಬ್ರಿಟಿಷ್ ಏರ್‌ವೇಸ್‌ನ 747-400 ವಿಮಾನವು ಸೂಚಿಸಿದ ಟ್ಯಾಕ್ಸಿವೇಯತ್ತ ತಿರುಗದೆ ನೇರವಾಗಿ ಕಿರಿದಾದ ಮತ್ತೊಂದಕ್ಕೆ ಸಾಗಿತು. ಅದರ ಬಲ ರೆಕ್ಕೆ ಪಕ್ಕದ ಕಚೇರಿ ಕಟ್ಟಡವನ್ನು ಸೀಳಿಕೊಂಡು ಒಳಹೊಕ್ಕಿತು. ಕಟ್ಟಡದಲ್ಲಿದ್ದ ನಾಲ್ವರಿಗೆ ಸಣ್ಣಪುಟ್ಟ ಗಾಯಗಳಾದವು. ಆ ವಿಮಾನ ಮತ್ತೆಂದೂ ಸೇವೆಗೆ ಮರಳಲಿಲ್ಲ. 2024ರ ಮಾರ್ಚ್ 27ರಂದು ನಮ್ಮದೇ ದೇಶದ ಕೋಲ್ಕತ್ತಾದಲ್ಲಿ, ರನ್‌ವೇ ಪ್ರವೇಶಕ್ಕಾಗಿ ಕಾಯುತ್ತ ನಿಂತಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ರೆಕ್ಕೆಗೆ ಟ್ಯಾಕ್ಸಿ ಮಾಡುತ್ತಿದ್ದ ಇಂಡಿಗೋ ವಿಮಾನದ ರೆಕ್ಕೆ ತಗುಲಿತು. ಇಂಡಿಗೋದ ಇಬ್ಬರು ಪೈಲಟ್‌ಗಳನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ತನಿಖೆಗಾಗಿ ಕರ್ತವ್ಯದಿಂದ ಹೊರಗಿರಿಸಿತು. ಇಂತಹ ಸಂದರ್ಭದಲ್ಲಿ ದುರಸ್ತಿಯ ವೆಚ್ಚದ ಜೊತೆಗೆ ಎರಡು ವಿಮಾನಗಳ ಪ್ರಯಾಣಿಕರು, ಅವುಗಳಲ್ಲಿ ಸಾಗಬೇಕಾದ ಸರಕು, ಮುಂದಿನ ವೇಳಾಪಟ್ಟಿ – ಎಲ್ಲವೂ ಅಸ್ತವ್ಯಸ್ತಗೊಳ್ಳುತ್ತವೆ.

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ 2019ರ ಡಿಸೆಂಬರ್‌ನಿಂದ ಎರಡು ಸಮಾನಾಂತರ ರನ್‌ವೇಗಳು ಬಳಕೆಯಲ್ಲಿವೆ. ಚಳಿಗಾಲದ ಮುಂಜಾವಿನ ಮಂಜು ಅಲ್ಲಿಗೆ ಹೊಸತಲ್ಲ. ಹೂವು, ತರಕಾರಿ, ಔಷಧ, ಯಂತ್ರದ ಬಿಡಿಭಾಗಗಳನ್ನು ವಿಮಾನದಲ್ಲಿ ಕಳುಹಿಸುವ ನಮ್ಮ ವರ್ತಕರು, ಅಂತಹ ದಿನ ವಿಮಾನ ನಿಧಾನವಾಗಿ ಸಾಗುವುದನ್ನು ಕಂಡು ಅಸಹನೆಗೊಳ್ಳುವುದು ಸಹಜ. ಆ ನಿಧಾನದ ಹಿಂದೆ ತೈಪೆ ಮತ್ತು ಮಿಲಾನ್‌ಗಳ ಅನುಭವವಿದೆ ಎಂಬುದನ್ನು ನೆನಪಿಡುವುದು ಒಳಿತು.

ವಿಮಾನಯಾನ ಕಂಡುಕೊಂಡ ಪರಿಹಾರಗಳು

ಈ ದುರಂತಗಳ ನಂತರ ವಿಮಾನಯಾನ ಕ್ಷೇತ್ರವು ಇನ್ನಷ್ಟು ಎಚ್ಚರದಿಂದಿರಿ ಎಂಬ ಉಪದೇಶಕ್ಕೆ ತೃಪ್ತಿಪಡಲಿಲ್ಲ. ಟೆನೆರೀಫ್‌ನ ಬಳಿಕ, ಟೇಕಾಫ್ ಎಂಬ ಪದವನ್ನು ಆ ಅನುಮತಿಯನ್ನು ಕೊಡುವಾಗ ಅಥವಾ ರದ್ದುಪಡಿಸುವಾಗ ಮಾತ್ರ ಬಳಸಬೇಕೆಂದೂ, ಉಳಿದ ಸಂದರ್ಭಗಳಲ್ಲಿ ಬೇರೆ ಪದ ಬಳಸಬೇಕೆಂದೂ ನಿಯಮವಾಯಿತು. ಅಮೆರಿಕದಲ್ಲಿ 1981ರಲ್ಲಿಯೇ, ಟ್ಯಾಕ್ಸಿಯಿಂಗ್ ಸೇರಿದಂತೆ ನಿರ್ಣಾಯಕ ಹಂತಗಳಲ್ಲಿ ಕಾಕ್‌ಪಿಟ್‌ನಲ್ಲಿ ಅನ್ಯ ಮಾತುಕತೆ ಕೂಡದೆಂಬ ನಿಯಮ ಬಂದಿತ್ತು. 2010ರಿಂದ ಅಲ್ಲಿ ದಾರಿಯಲ್ಲಿ ಅಡ್ಡ ಬರುವ ಪ್ರತಿಯೊಂದು ರನ್‌ವೇಯನ್ನು ದಾಟಲೂ ಪ್ರತ್ಯೇಕ ಅನುಮತಿ ಕಡ್ಡಾಯವಾಯಿತು. ಗೊಂದಲ ಉಂಟಾಗುವ ಕೂಡುದಾರಿಗಳನ್ನು ನಕ್ಷೆಯಲ್ಲಿಯೇ ಗುರುತಿಸಿ ಎಚ್ಚರಿಸಲಾಗುತ್ತದೆ. ನೆಲ-ರಾಡಾರ್, ಕಾಕ್‌ಪಿಟ್‌ನಲ್ಲಿ ವಿಮಾನದ ಸ್ಥಾನ ತೋರಿಸುವ ನಕ್ಷೆ ಮುಂತಾದವು ಹಲವೆಡೆ ಬಂದಿವೆ. ದಾರಿ ಗೊತ್ತಾಗದ ಪೈಲಟ್ ಒಂದೊಂದೇ ತಿರುವಿಗೆ ಮಾರ್ಗದರ್ಶನ ಕೇಳಬಹುದು, ಅನೇಕ ನಿಲ್ದಾಣಗಳಲ್ಲಿ ಮುಂದೆ ನಡೆದು ದಾರಿ ತೋರುವ ವಾಹನವನ್ನೂ ಕೋರಬಹುದು. ಹಾಗೆ ಕೇಳುವುದನ್ನು ಅವಮಾನವೆಂದು ಯಾರೂ ಎಣಿಸುವುದಿಲ್ಲ.

ಇನ್ನೊಂದು ಮಹತ್ವದ ಹೆಜ್ಜೆ ತಪ್ಪುಗಳ ವರದಿಗೆ ಸಂಬಂಧಿಸಿದ್ದು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ 1976ರಿಂದ ನಡೆಸುತ್ತಿರುವ ವ್ಯವಸ್ಥೆಯಲ್ಲಿ ಪೈಲಟ್‌ಗಳು, ನಿಯಂತ್ರಕರು ತಮ್ಮ ಪ್ರಮಾದಗಳನ್ನು ಗೌಪ್ಯವಾಗಿ ತಿಳಿಸಬಹುದು. ಉದ್ದೇಶಪೂರ್ವಕವಲ್ಲದ ತಪ್ಪನ್ನು ಹೀಗೆ ತಾವಾಗಿ ವರದಿ ಮಾಡಿದವರಿಗೆ ದಂಡನೆಯಿಂದ ಸಾಕಷ್ಟು ರಕ್ಷಣೆ ದೊರೆಯುತ್ತದೆ. ಅಪಘಾತವಾಗದೆ ತಪ್ಪಿಹೋದ ನೂರು ಪ್ರಸಂಗಗಳು ತಿಳಿದುಬಂದರೆ ಮುಂದಿನ ಅಪಘಾತ ಎಲ್ಲಿ ಆಗಬಹುದೆಂದು ಅಂದಾಜಿಸಲು ಸಾಧ್ಯ. ಶಿಕ್ಷೆಗೆ ಹೆದರಿ ಅವನ್ನು ಮುಚ್ಚಿಟ್ಟರೆ ಅಪಘಾತವೇ ಮೊದಲ ಸುದ್ದಿಯಾಗುತ್ತದೆ.

ನಮ್ಮ ಘಟಕಗಳಲ್ಲಿ ಅನ್ವಯ

ಕೈಗಾರಿಕಾ ಪ್ರದೇಶದ ಸಣ್ಣ ಘಟಕವೊಂದರ ಅಂಗಳವನ್ನು ಗಮನಿಸಿದರೆ ಇವೇ ಸನ್ನಿವೇಶಗಳು ಸಣ್ಣ ಪ್ರಮಾಣದಲ್ಲಿ ಕಾಣಸಿಗುತ್ತವೆ. ಹಿಂದಕ್ಕೆ ಬರುವ ಲಾರಿ, ಸರಕು ಎತ್ತುವ ಫೋರ್ಕ್‌ಲಿಫ್ಟ್, ತಲೆಯ ಮೇಲೆ ಚಲಿಸುವ ಕ್ರೇನ್, ದೂರವಾಣಿಯಲ್ಲಿ ಬರುವ ಬೇಡಿಕೆ – ಎಲ್ಲೆಡೆಯೂ ಒಬ್ಬರ ಮಾತನ್ನು ಇನ್ನೊಬ್ಬರು ಸರಿಯಾಗಿ ಗ್ರಹಿಸಿದ್ದಾರೆಂಬ ನಂಬಿಕೆಯ ಮೇಲೆ ಕೆಲಸ ಸಾಗುತ್ತದೆ. ಸದಸ್ಯರು ಕೆಳಗಿನ ಕ್ರಮಗಳನ್ನು ಪರಿಶೀಲಿಸಬಹುದು.

ಮೊದಲನೆಯದಾಗಿ, ಬೇಡಿಕೆಯ ಅಳತೆ, ಪ್ರಮಾಣ, ತಲುಪಿಸಬೇಕಾದ ಸ್ಥಳಗಳನ್ನು ಸರಿ ಎಂದಷ್ಟೇ ಹೇಳಿ ಮುಗಿಸದೆ ಪೂರ್ಣವಾಗಿ ಮರಳಿ ಹೇಳುವ ಪದ್ಧತಿ ಇರಲಿ. ಮಿಲಾನ್‌ನ ಪಾಠದಂತೆ, ಮರಳಿ ಹೇಳಿದ್ದು ಸರಿಯಿದ್ದರೂ ಮಾಡಿದ್ದು ಸರಿಯಿದೆಯೇ ಎಂದು ಸರಕು ಹೊರಡುವ ಮುನ್ನ ಚಲನ್‌ನೊಡನೆ ಹೋಲಿಸಿ ನೋಡುವವರೊಬ್ಬರಿರಲಿ.

ಎರಡನೆಯದಾಗಿ, ಗೋಡೌನ್‌ನಲ್ಲಿ ಅಥವಾ ಯಂತ್ರಗಳ ಜೋಡಣೆಯಲ್ಲಿ ಬದಲಾವಣೆಯಾದ ದಿನವೇ ಫಲಕಗಳನ್ನೂ ಬದಲಿಸಬೇಕು. ಬಳಕೆಗೆ ನಿಷಿದ್ಧವಾದ ದಾರಿಗೆ ಸುತ್ತೋಲೆಯೊಂದೇ ಸಾಲದು, ಅಡ್ಡಗಟ್ಟೆ ಬೇಕು. ತೈಪೆಯ ಪೈಲಟ್‌ಗಳ ಕೈಯಲ್ಲಿಯೂ ಸೂಚನಾ ಪತ್ರವಿತ್ತು.

ಮೂರನೆಯದಾಗಿ, ಕ್ರೇನ್ ನಡೆಸುವಾಗ, ಅಚ್ಚು ಬದಲಿಸುವಾಗ, ಲಾರಿಗೆ ಹಿಂದಕ್ಕೆ ಬರಲು ಸಂಜ್ಞೆ ಮಾಡುವಾಗ ಅನ್ಯ ಮಾತು ಹಾಗೂ ಮೊಬೈಲ್ ಬಳಕೆ ಇರಬಾರದು. ಈ ನಿಯಮ ಮಾಲೀಕರಿಗೂ ಅನ್ವಯಿಸಬೇಕು. ಅಂತಹ ಹೊತ್ತಿನಲ್ಲಿ ಕಾರ್ಮಿಕನನ್ನು ಕರೆದು ಬೇರೆ ಕೆಲಸ ಹೇಳುವವರು ಎಷ್ಟೋ ಬಾರಿ ಮಾಲೀಕರೇ ಆಗಿರುತ್ತಾರೆ.

ನಾಲ್ಕನೆಯದಾಗಿ, ಸಂದೇಹ ಬಂದರೆ ನಿಲ್ಲಿಸುವ ಅಧಿಕಾರ ಅತ್ಯಂತ ಕಿರಿಯ ಸಹಾಯಕನಿಗೂ ಇರಲಿ. ಆತನ ಸಂದೇಹ ಹತ್ತರಲ್ಲಿ ಒಂಬತ್ತು ಬಾರಿ ನಿರಾಧಾರವಾಗಿರಬಹುದು. ಒಂಬತ್ತನೆಯ ಬಾರಿ ಗದರಿಸಿದರೆ ಹತ್ತನೆಯ ಬಾರಿ ಆತ ಬಾಯಿ ತೆರೆಯುವುದಿಲ್ಲ.

ಐದನೆಯದಾಗಿ, ಕೂದಲೆಳೆಯಲ್ಲಿ ತಪ್ಪಿದ ಅವಘಡಗಳನ್ನು ತಾನಾಗಿ ಹೇಳಿಕೊಂಡವನಿಗೆ ಸಂಬಳ ಕಡಿತ, ದಂಡ ವಿಧಿಸುವುದು ಬೇಡ. ತಿಂಗಳಿಗೊಮ್ಮೆ ಅವುಗಳನ್ನು ಎಲ್ಲರೆದುರು ಚರ್ಚಿಸಿ ಕಾರಣ ಕಂಡುಹಿಡಿಯುವುದು ಲಾಭದಾಯಕ.

ಪೈಲಟ್‌ಗಳ ತಪ್ಪನ್ನು ಮನ್ನಿಸಬೇಕೆಂಬುದು ಇಲ್ಲಿನ ವಾದವಲ್ಲ. ತೈಪೆ ಹಾಗೂ ಲೆಕ್ಸಿಂಗ್ಟನ್‌ಗಳಲ್ಲಿ ಪೈಲಟ್‌ಗಳು ಮಾಡಬೇಕಾದ ಸರಳ ತಪಾಸಣೆಯನ್ನು ಮಾಡಲಿಲ್ಲವೆಂದು ತನಿಖೆಗಳೇ ಸ್ಪಷ್ಟವಾಗಿ ಹೇಳಿವೆ. ಆದರೆ ಅವರನ್ನು ದೂಷಿಸಿ ಕಡತ ಮುಚ್ಚಿದ್ದರೆ ಆರಿದ ದೀಪ ಆರಿಯೇ ಇರುತ್ತಿತ್ತು, ನಕ್ಷೆಯಲ್ಲಿಲ್ಲದ ಗುರುತು ನೆಲದ ಮೇಲೆ ಹಾಗೆಯೇ ಉಳಿಯುತ್ತಿತ್ತು, ಮುಂದಿನ ವಿಮಾನ ಅದೇ ತಿರುವಿನಲ್ಲಿ ಎಡವುತ್ತಿತ್ತು. ವಿಮಾನವನ್ನು ಎರಡು ನಿಮಿಷ ನಿಲ್ಲಿಸಿ ತಾನೆಲ್ಲಿದ್ದೇನೆಂದು ಕೇಳಲು ತಗಲುವ ವೆಚ್ಚ ಅಷ್ಟಿಷ್ಟು ಇಂಧನ ಮತ್ತು ಸ್ವಲ್ಪ ವಿಳಂಬ. ನಮ್ಮ ಘಟಕಗಳಲ್ಲಿ ಆ ವೆಚ್ಚ ಇನ್ನೂ ಕಡಿಮೆ. ಅದನ್ನು ಸಂತೋಷದಿಂದ ಭರಿಸುವ ಮಾಲೀಕರ ಅಂಗಳದಲ್ಲಿ ಕೆಲಸಗಾರರು ಕೇಳಲು ಹಿಂಜರಿಯುವುದಿಲ್ಲ.